ಸೀ ಹಾಕ್ ಎಲ್ಲಿ ಇಳಿಯಿತು?

ನಾನು ಚಿಕ್ಕವಳಿದ್ದಾಗ, ಎಳ್ಳಮಾವಾಸ್ಯೆಗೆ ಇನ್ನೂ ವಾರವಿರುವಾಗಲೇ ಹೂಲಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಎಳ್ಳು ಹಚ್ಚಿದ ಸಜ್ಜಿರೊಟ್ಟಿಗಳನ್ನು ಒಣಗಿಸಿ ಬುಟ್ಟಿ ತುಂಬುತ್ತಿದ್ದೆವು. ಅಮಾವಾಸ್ಯೆಯ ದಿನ ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿ, ಬೆಳೆಯ ಮೇಲೆ ಎಡೆ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತಿದ್ದೆವು. ಇದಕ್ಕೆ ಚರಗ ಎನ್ನುತ್ತಾರೆ. ಸಾವಿನ ಸೂತಕ ಇದ್ದ ಮನೆಯವರು ಮಾತ್ರ ಚರಗ ಚೆಲ್ಲುವಂತಿರಲಿಲ್ಲ.

ಒಂದು ವರ್ಷ ಇದೇ ಹೊತ್ತಿಗೆ ಬಾಂಗ್ಲಾ ಯುದ್ಧ ನಡೆದಿತ್ತು. ನಮ್ಮಣ್ಣ ವಿಕ್ರಾಂತ್ ಎಂಬ ವಿಮಾನವಾಹಕ ಹಡಗಿನಲ್ಲಿದ್ದ. ಸೀ ಹಾಕ್ ಎಂಬ ಯುದ್ಧವಿಮಾನಗಳನ್ನು ಹಾರಲು ಸಜ್ಜು ಮಾಡುವುದು ಅವನ ಕೆಲಸ. ರಜೆಗೆ ಬಂದರೆ ಸಾಕು, ಅವುಗಳದೇ ಮಾತಾಡಿ ನಮ್ಮ ತಲೆ ತಿನ್ನುತ್ತಿದ್ದ. ಹಡಗಿನ ಅಂಗಳ ತೀರ ಚಿಕ್ಕದಂತೆ. ಕವಣೆಕಲ್ಲು ಬೀಸಿದ ಹಾಗೆ ಯಂತ್ರವೊಂದು ವಿಮಾನವನ್ನು ಎಸೆಯುತ್ತದಂತೆ. ಅದೇ ಅಂಗಳಕ್ಕೆ ಮರಳಿ ಇಳಿದಾಗ ಅದರ ಬಾಲದ ಕೊಕ್ಕೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿ ಗಕ್ಕನೆ ನಿಲ್ಲುತ್ತದಂತೆ. "ಹಳೇ ವಿಮಾನ ಅಂತಲ್ಲೋ ಅಣ್ಣಾ" ಎಂದು ನಾನು ಕಾಡಿಸಿದರೆ ಅವನಿಗೆ ಎಲ್ಲಿಲ್ಲದ ಸಿಟ್ಟು. "ಹಳೇವಾದ್ರೇನಾತು, ಒಂದೂ ಕೈ ಬಿಡೂದಿಲ್ಲ ನೋಡ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ದೊಡ್ಡಪ್ಪ ಸವದತ್ತಿ ಸಂತೆಯಿಂದ ಬಂದವರೇ ಪಡಸಾಲೆಯಲ್ಲಿ ಕುಸಿದು ಕುಳಿತರು. "ನಿನ್ನಿ ನಮ್ಮ ಹುಡುಗನ ಹಡಗ ಮುಳಗಸ್ಯಾರಂತ. ಸಂತಿ ತುಂಬ ಅದ ಮಾತ ಐತಿ" ಎಂದರು.

ಅವ್ವ ಉರಿಯುವ ಒಲೆಗೆ ನೀರು ಸುರಿದಳು. ಹಸಿ ಹೊಗೆ ಮನೆಯೆಲ್ಲ ತುಂಬಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಬಂದು ಇನ್ನೂ ವರ್ಷವಾಗಿರಲಿಲ್ಲ. ಹಿರಿಯರ ಮುಂದೆ ದನಿ ಎತ್ತಿದವಳೇ ಅಲ್ಲ. ಅವಳು ಒಣ ಕಟ್ಟಿಗೆ ತಂದು, ಊದಿ ಊದಿ ಒಲೆ ಹೊತ್ತಿಸಿ, ಮತ್ತೆ ರೊಟ್ಟಿ ಬಡಿಯಲು ಕುಳಿತಳು.

"ಯಾರ ಚರಗಕ್ಕ ಬಡೀತೀಯವಾ ಇನ್ನ?" ಎಂದು ಅವ್ವ ಗೋಳಾಡಿದಳು. ವೈನಿಯ ಕೈ ನಿಲ್ಲಲಿಲ್ಲ. ನನಗೆ ಅವಳ ಮೇಲೆ ಸಿಟ್ಟೇ ಬಂದಿತ್ತು. ಇವಳಿಗೆ ಕರುಳೇ ಇಲ್ಲವೇನೋ ಎಂದುಕೊಂಡೆ.

ಸಂಜೆ ವಾರ್ತೆಗೆ ಓಣಿಯ ಮಂದಿಯೆಲ್ಲ ನಮ್ಮ ರೇಡಿಯೋ ಸುತ್ತ ಸೇರಿದರು. ಗರಗರ ಸದ್ದಿನ ನಡುವೆ ಕೇಳಿದ್ದು ಇಷ್ಟೇ: ಸೀ ಹಾಕ್ ವಿಮಾನಗಳು ಇಂದೂ ಚಿತ್ತಗಾಂಗ್ ಬಂದರಿನ ಮೇಲೆ ದಾಳಿ ನಡೆಸಿ, ಎಲ್ಲವೂ ಸುರಕ್ಷಿತವಾಗಿ ಮರಳಿವೆ.

"ಬರೇ ವಿಮಾನದ್ದ ಹೇಳಿದ್ರು. ಹಡಗದ ಸುದ್ದಿ ಮುಚ್ಚಿಟ್ರು" ಎಂದು ದೊಡ್ಡಪ್ಪ ಹಣೆ ಬಡಿದುಕೊಂಡರು.

ಅಡುಗೆಮನೆಯ ಬಾಗಿಲಲ್ಲಿ ವೈನಿ ನಿಂತಿದ್ದಳು. ಅವಳ ಕೈತುಂಬ ಹಿಟ್ಟು. "ಮಾವಾರ, ಹಡಗ ಇಲ್ಲಂದ್ರ ಅವು ಹೊಳ್ಳಿ ಬಂದು ಎಲ್ಲಿ ಇಳಿದ್ವರಿ?"

ಆ ಮಾತಿನ ಅರ್ಥ ಹೊಳೆದದ್ದೇ ಅಪ್ಪ ಎದ್ದು ನಿಂತು ಜೋರಾಗಿ ನಕ್ಕರು, ಕಣ್ಣಲ್ಲಿ ನೀರು. ಅವ್ವ ವೈನಿಯನ್ನು ತಬ್ಬಿಕೊಂಡಳು. ವೈನಿ ಅತ್ತದ್ದು ಆಗಲೇ. ನಾವೆಲ್ಲ ಕುಣಿದಾಡಿದೆವು. ಅಮಾವಾಸ್ಯೆಯ ಹೊತ್ತಿಗೆ ಯುದ್ಧವೂ ಮುಗಿಯಿತು, ಚರಗ ಚೆಲ್ಲಿ ಬಂದೆವು. ಕೆಲವು ತಿಂಗಳಿಗೆ ಅಣ್ಣನೂ ಬಂದ. ಆ ಯುದ್ಧದಲ್ಲಿ ಅವನ ಸೀ ಹಾಕ್‌ಗಳಲ್ಲಿ ಒಂದೂ ಬೀಳಲಿಲ್ಲವಂತೆ.

ಈಗ ಮೊಮ್ಮಕ್ಕಳಾದ ನೀವು ಎಲ್ಲೋ ನಡೆಯುವ ಯುದ್ಧವನ್ನು ಅಂಗೈಯಲ್ಲಿ ಹಿಡಿದ ಮೊಬೈಲಿನಲ್ಲಿ ನೋಡುತ್ತೀರಿ. ಉರಿಯುವ ಮನೆ, ಓಡುವ ಮಕ್ಕಳು ಎಲ್ಲ ನಿಮಗೆ ಕಾಣುತ್ತದೆ. ಅದಕ್ಕೇ ಇರಬೇಕು, ಮೊನ್ನೆ ಈ ಕಥೆ ಕೇಳಿದ ಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು, "ಆಯಿ, ಆ ಬಂದರದಾಗ ಇದ್ದ ಮಂದಿ ಏನಾದ್ರು?" ಎಂದು ಕೇಳಿದಳು.

ನನಗೆ ಗೊತ್ತಿಲ್ಲ, ಕೂಸೇ. ಆ ಸಂಜೆ ಅಷ್ಟೊಂದು ಮಂದಿ ತುಂಬಿದ್ದ ನಮ್ಮ ಮನೆಯಲ್ಲಿ ಯಾರೊಬ್ಬರೂ ಅದನ್ನು ಕೇಳಲಿಲ್ಲ.