ಕೌದಿಗೆ ಹೇಳಿದ ಹೆಸರು

ಇವತ್ತು ಪೂಜೆ ಮುಗಿಸಿ ಅತ್ತೆಯ ಕೌದಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಹೊದಿಕೆ ಅದು. ಎತ್ತಿಕೊಂಡರೆ ಕೂಸಿನಷ್ಟು ಭಾರ. ಬಿಸಿಲು ತಾಗುತ್ತಲೇ ನುಸಿಗುಳಿಗೆಯ ವಾಸನೆ ಏಳುತ್ತದೆ, ಅದರ ಹಿಂದೆ ವಿಭೂತಿಯದು, ಅದರ ಹಿಂದೆ ಅತ್ತೆಯದೇ. ಮೇಲಿನ ಎರಡು ಮೂಲೆಗಳಲ್ಲಿ ಮೊಳೆ ಹೊಡೆದ ತೂತುಗಳಿವೆ. ನೋಡಿದವರು ಇಲಿ ಕಡಿದಿರಬೇಕು ಎನ್ನುತ್ತಾರೆ. ಇಲಿಯಲ್ಲ, ಸಿನೆಮಾ. ಹೇಳುತ್ತೇನೆ, ಕೂತುಕೊಳ್ಳಿ.

ಈಗ ನಮ್ಮ ಸೀಮೆಯ ಟಿಕೋಟಾದ ಓಣಿಗಳಲ್ಲಿ ಹೋದರೆ ಯಾವ ಕಟ್ಟೆಯ ಮೇಲೆ ಕ್ಯಾಮೆರಾ ನಿಂತಿರುತ್ತದೋ ಹೇಳಲಾಗದು. ಟ್ರ್ಯಾಕ್ಟರ್ ರಿಪೇರಿಯವನು ಖಳನಾಯಕ, ಬಳೆ ಮಾರುವಾಕೆ ನಾಯಕಿಯ ತಾಯಿ. ನಾನು ಹುಡುಗಿಯಾಗಿದ್ದಾಗ ಹಾಗಿರಲಿಲ್ಲ. ಟಾಕೀಸಿನಲ್ಲಿ ನಮ್ಮ ಕಡೆಯ ಮಾತು ಕೇಳಿತೆಂದರೆ ಆಳುಮಗ ಬಂದ, ಇನ್ನು ನಗಬೇಕು ಎಂದು ಅರ್ಥ. ಪ್ರೀತಿಸುವವರು, ಅಳುವವರು, ಸಾಯುವವರು ಎಲ್ಲ ಬೇರೆ ಕನ್ನಡದವರು. ನಾವೂ ನಗುತ್ತಿದ್ದೆವು. ನಮ್ಮನ್ನು ನಾವೇ ನೋಡಿ ನಗುತ್ತಿದ್ದೇವೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಶಿವುಗೆ ಮೊದಲೇ ಹೊಳೆದಿತ್ತು. ಬಬಲೇಶ್ವರದಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು, ಏಳೆಂಟು ವರ್ಷದ ಹಿಂದೆ ಅದೇ ಕ್ಯಾಮೆರಾದಿಂದ ಸಿನೆಮಾ ಮಾಡಲು ಹೊರಟ. ಹಳೆಯ ಹಿತ್ತಾಳೆ ಕೊಡ ಕೇಳಲು ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದು, ಅತ್ತೆ ಆಗಷ್ಟೇ ಹಾಕಿದ್ದ ರಂಗೋಲಿಯನ್ನು ತುಳಿದುಬಿಟ್ಟ.

"ಕಣ್ಣ ನೆತ್ತಿ ಮ್ಯಾಗ ಅದಾವೇನೋ ಭಾಡ್ಯಾ? ನಿಮ್ಮವ್ವ ನಿನಗ ನಡ್ಯಾಕ ಕಲಿಸಿಲ್ಲೇನು?"

ಶಿವು ಕೊಡದ ಮಾತನ್ನೇ ಮರೆತ. "ಆಯಿ, ಹಿಂಗಽ ಬಂದು ನನ್ನ ಸಿನೆಮಾದಾಗ ಬೈತೀರೇನ್ರಿ?"

ಅತ್ತೆ ರಂಗೋಲಿಯ ಬಟ್ಟಲು ಕೆಳಗಿಟ್ಟರು. "ಬೈಯಾಕ ಯಾರನ್ನ ಕೊಡ್ತಿ?"

ಅರಕೇರಿಯ ಒಂದು ಹೊಲದ ಮನೆಯಲ್ಲಿ ಶೂಟಿಂಗ್. ಹೊಸ್ತಿಲಲ್ಲಿ ನಿಂತು ಮಗನನ್ನು ಊಟಕ್ಕೆ ಕರೆಯುವುದು, ನಡುವೆ ಸೊಸೆಯ ರೊಟ್ಟಿಯನ್ನು ಹಳಿಯುವುದು, ಅಷ್ಟೇ ಅವರ ಪಾತ್ರ. ಕಥೆಯಲ್ಲಿ ಮಗನ ಹೆಸರು ಈರಣ್ಣ. ಆದರೆ ಹೊಸ್ತಿಲಲ್ಲಿ ನಿಂತು ಊಟಕ್ಕೆ ಕರೆ ಎಂದರೆ ಅತ್ತೆಯ ಬಾಯಿಗೆ ಬರುವುದು ಒಂದೇ ಹೆಸರು, ಅವರು ಹೆತ್ತ ಮಗನದು. ಅದೇ ಬಂತು. "ಇರಲಿ ಬಿಡ್ರಿ, ಇಂಥಾ ಕೂಗು ಮತ್ತ ಸಿಗೂದಿಲ್ಲ" ಎಂದು ಶಿವು ಹಾಗೆಯೇ ಇಟ್ಟುಕೊಂಡ. ಪಕ್ಕದ ಹೊಲದ ಪಂಪು ಅವರ ದನಿಯನ್ನು ಪೂರ್ತಿ ನುಂಗಿಹಾಕಿತ್ತು. ದನಿ ಆಮೇಲೆ ಸೇರಿಸೋಣ ಎಂದ. ಆ 'ಆಮೇಲೆ' ಬರುವುದರೊಳಗೆ ಅತ್ತೆಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋದವು.

ಶಿವು ಮನೆಗೆ ಬಂದು ತಲೆ ತಗ್ಗಿಸಿ ಕೂತ. "ವೈನಿ, ದನಿ ಇಲ್ಲಂದ್ರ ಆ ಸೀನ್ ತಗೀಬೇಕಾಗತೈತ್ರಿ." ಹಾಸಿಗೆಯಲ್ಲಿದ್ದ ಅತ್ತೆಗೆ ಎಲ್ಲ ಕೇಳಿಸುತ್ತಿತ್ತು. ಮುಖವನ್ನು ಗೋಡೆಗೆ ತಿರುಗಿಸಿದರು. ಇಪ್ಪತ್ತು ವರ್ಷ ಬೈಸಿಕೊಂಡವಳಿಗೆ ಅವರ ದನಿಯ ಏರಿಳಿತ ಬಾಯಿಪಾಠ. "ನಾ ಹೇಳ್ತೇನಿ" ಎಂದುಬಿಟ್ಟೆ. ಆ ಧೈರ್ಯ ಎಲ್ಲಿಂದ ಬಂತೋ ಸಿದ್ಧೇಶ್ವರನೇ ಬಲ್ಲ.

ನಮ್ಮ ಪೇಟೆಯ ಒಂದು ಖಾಲಿ ಗೋದಾಮೇ ದನಿ ಸೇರಿಸಲು ಅವನ ಸ್ಟುಡಿಯೋ. ಗೋಡೆಗಳು ಮಾತನ್ನು ತಿರುಗಿ ಒದರಬಾರದೆಂದು ಮನೆಮನೆಯಿಂದ ಕೌದಿ ತಂದು ಮೊಳೆ ಹೊಡೆದು ನೇತು ಹಾಕಿದ್ದ. "ನಿನ್ನ ಹೇಣ್ತಿ ಬಡದ ರೊಟ್ಟಿ ಆರಿದ್ರ ನಾಯಿನೂ ಮೂಸೂದಿಲ್ಲ" ಎಂಬುದನ್ನು ಒಂದೇ ಸಲಕ್ಕೆ ಹೇಳಿದೆ. ಕೇಳಿ ಕೇಳಿ ಅಭ್ಯಾಸವಿತ್ತು. ಹೆಸರು ಬಂದಾಗ ನಾಲಿಗೆ ಕಟ್ಟಿತು. ಚಿತ್ರದಲ್ಲಿ ಅತ್ತೆಯ ತುಟಿ ಆಡಿದ್ದು ಈರಣ್ಣ ಎಂದಲ್ಲ, ನನ್ನ ಗಂಡನ ಹೆಸರನ್ನು, ನನ್ನ ಮಾತು ಆ ತುಟಿಗೇ ಕೂಡಬೇಕಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನನ್ನ ತಾಯಿ ಕಲಿಸಿದ್ದಳು. ಮದುವೆಯಲ್ಲಿ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಹೆಸರು ಸೇರಿಸಿ, ಒಮ್ಮೆ ಹೇಳಿದ್ದೇ ಕೊನೆ.

"ಏನ್ರೀ, ಉಣ್ಣಾಕ ಬರ್ರಿ" ಎಂದೆ.

ಗೋದಾಮಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ವೈನಿ, ಯಾವ ತಾಯಿ ಮಗನ್ನ ಏನ್ರೀ ಅಂತಾಳ? ಬೇಕಾದ್ರ ಒಡಪ ಹಚ್ಚಿ ಹೇಳ್ರಿ!" ಎಂದ ಶಿವು. ಆಮೇಲೆ ನನ್ನ ಮುಖ ನೋಡಿ, "ಹೋಗಿ ಒಂದ ಕೌದಿ ತರ್ರಿ, ಒಂದ ಕಡಿಮಿ ಬಿದ್ದೈತಿ" ಎಂದು ಕಳಿಸಿದ.

ಮನೆಗೆ ಬಂದು ಅತ್ತೆಯ ಕಾಲ ಬಳಿ ಕೂತೆ. "ಅತ್ತಿ, ಅವರ ಹೆಸರ ಹೇಳ್ಬೇಕಂತರಿ. ಹ್ಯಾಂಗ ಹೇಳ್ಲಿ?"

ಅತ್ತೆ ಎಡಗೈಯಿಂದ, ತಾವು ಹೊದ್ದಿದ್ದ ಕೌದಿಯನ್ನು ಮೆಲ್ಲಗೆ ಎಳೆದೆಳೆದು ನನ್ನ ಉಡಿಗೆ ತಳ್ಳಿದರು.

ಅದನ್ನೇ ನನ್ನೆದುರು ನೇತು ಹಾಕಿಸಿದೆ. ಕೌದಿಯ ಕೊನೆಯ ಹೊಲಿಗೆ ಹಾಕುವ ಮುಂಚೆ ಅತ್ತೆ ಒಳಗೆ ಹೋಳಿಗೆಯ ಒಂದು ತುಣುಕು ಇಡುತ್ತಿದ್ದರು, ಹೊದಿಕೆ ಹಸಿದಿರಬಾರದಂತೆ. ಹೊಟ್ಟೆ ತುಂಬಿದ ಆ ಕೌದಿಯನ್ನು ನೋಡುತ್ತ, ನನ್ನ ಗಂಡನನ್ನು ಅವರ ತಾಯಿಯಾಗಿ ಊಟಕ್ಕೆ ಕರೆದೆ. ನನ್ನ ಗಂಟಲಿನಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ. ಯಾರೂ ನಗಲಿಲ್ಲ. ಆ ವಾರವೆಲ್ಲ ಯಜಮಾನರು ಸೀನಿದರೂ ನನ್ನ ಎದೆ ಝಲ್ಲೆನ್ನುತ್ತಿತ್ತು, ಅದು ಬೇರೆ ಮಾತು.

ಟಿಕೋಟಾದ ಕಲ್ಯಾಣ ಮಂಟಪದಲ್ಲಿ ಬಿಳಿ ಪರದೆ ಕಟ್ಟಿ ತೋರಿಸಿದರು. ಯಜಮಾನರು ಅತ್ತೆಯನ್ನು ಎತ್ತಿಕೊಂಡು ಬಂದು ಕೂಡಿಸಿದರು. ಪರದೆಯ ಮೇಲೆ ಅತ್ತೆ ಹೊಸ್ತಿಲಿಗೆ ಬಂದು ಕೂಗಿದಾಗ, ನನ್ನ ಪಕ್ಕದಲ್ಲಿ ಅವರ ತುಟಿಯೂ ಅಲುಗಿತು. ರೊಟ್ಟಿಯ ಮಾತು ಬಂದಾಗ ಎಡಗೈಯಿಂದ ನನ್ನ ತೊಡೆಗೆ ಒಂದು ಏಟು ಕೊಟ್ಟರು. ಇನ್ನೂ ಜೋರಾಗಿ ಬೈಯಬೇಕಿತ್ತು ಎಂದೇ ನಾನು ತಿಳಿದುಕೊಂಡೆ. ಮರುವರ್ಷ ಅವರು ಹೋದರು.

ಸಂಜೆ ದೀಪ ಹಚ್ಚುವಾಗ ದಿನದ ಉಪಕಾರಗಳನ್ನು ಎಣಿಸುವುದು ನನ್ನ ಚಟ. ನಳಕ್ಕೆ ನೀರು ಬಂತು, ಒಂದು. ಮಂಡಿ ನೋಯಲಿಲ್ಲ, ಎರಡು. ಶಿವು ಈಗ ದೊಡ್ಡ ಸಿನೆಮಾ ಮಾಡುತ್ತಾನೆ, ಅವನ ನಾಯಕಿಯರು ನಮ್ಮ ಮಾತಿನಲ್ಲೇ ಅಳುತ್ತಾರೆ. ಅದನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ.

ಕೌದಿಯ ಮೇಲಿಂದ ಬಿಸಿಲು ಸರಿದಿದೆ. ಇದನ್ನು ಮಡಚಿ ಇಳಿಸಲು ಒಬ್ಬಳಿಂದಾಗದು. ಯಜಮಾನರು ಕೆಳಗೆ ಅಂಗಳದಲ್ಲಿದ್ದಾರೆ. "ಏನ್ರೀ" ಎಂದು ಎರಡು ಸಲ ಕರೆದೆ. ಇಷ್ಟು ವರ್ಷಗಳ 'ಏನ್ರೀ' ಅವರಿಗೆ ಫ್ಯಾನಿನ ಸಪ್ಪಳವಿದ್ದಂತೆ, ಕೇಳಿಸುವುದಿಲ್ಲ. ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ಕೌದಿಯ ಮೇಲೆ ಕೈಯಿಟ್ಟುಕೊಂಡೆ.

"ಲೇ ಮಲ್ಯಾ!"

"ಬಂದೆ ಬೇ ಯವ್ವಾ" ಎಂದರು ಕೆಳಗಿನಿಂದ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿತು, ನಿಧಾನವಾಗಿ, ಒಂದೊಂದಾಗಿ. ನಾನು ಎಣಿಸುತ್ತ ನಿಂತೆ.