ಒಂಬತ್ತು ಚೌಕದ ಬಟ್ಟೆ

ಬಂಟ್ವಾಳ ಪೇಟೆಯಲ್ಲಿ ಒಳ್ಳೆಯ ಮಾಲು ಇದ್ದವನು ಅದನ್ನು ಅಂಗಡಿಯ ಎದುರಿಗೆ ಇಡುತ್ತಾನೆ. ಕೆಟ್ಟ ಮಾಲು ಇದ್ದವನೂ ಎದುರಿಗೆ ಒಳ್ಳೆಯದನ್ನೇ ಇಡುತ್ತಾನೆ. ವ್ಯತ್ಯಾಸ ತಿಳಿಯುವುದು ಗೋಣಿಯ ತಳಕ್ಕೆ ಕೈ ಹಾಕಿದ ಮೇಲೆ. ತನ್ನ ಅತ್ಯುತ್ತಮ ಮಾಲನ್ನು ಹದಿನೇಳು ವರ್ಷ ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಕಳಿಸಿದವಳು ಈ ಪೇಟೆಯಲ್ಲಿ ಒಬ್ಬಳೇ. ಅವಳು ಲುದ್ವಿನ್ ಬಾಯಿ.

ಅವಳ ಕೆಲಸ ಇಸ್ತ್ರಿ. ಪೇಟೆಯಿಂದ ಹೊಳೆಗೆ ಇಳಿಯುವ ದಾರಿಯ ಬದಿಯಲ್ಲಿ ಎರಡು ಕೋಣೆಯ ಹಂಚಿನ ಮನೆ. ಎದುರಿನ ಕೋಣೆಯಲ್ಲಿ ಒಂದು ಹಲಗೆ ಮೇಜು, ಅದರ ಮೇಲೆ ಹಳೆಯ ಕಂಬಳಿ, ಮೂಲೆಯಲ್ಲಿ ತೆಂಗಿನ ಗೆರಟೆಯ ಕೆಂಡ ಹಾಕುವ ಇಸ್ತ್ರಿ ಪೆಟ್ಟಿಗೆ. ಪೆಟ್ಟಿಗೆ ಗಂಡ ಕಾಸ್ಮಿರ್ ತಂದುಕೊಟ್ಟದ್ದು. ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವನು ಮದುವೆಯಾಗಿ ಆರನೆಯ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಮೂಡುಬಿದಿರೆಯಿಂದ ಅಣ್ಣ ಬಂದು, "ಇಲ್ಲಿ ಒಬ್ಬಳೇ ಎಂತ ಮಾಡ್ತೀ? ಮನೆಗೆ ಹೋಗುವ" ಎಂದು ಕರೆದ. ಅವಳು ಇಸ್ತ್ರಿ ಪೆಟ್ಟಿಗೆ ತೋರಿಸಿ, "ಇದು ಭಾರ ಉಂಟು ಅಣ್ಣ, ಅಷ್ಟು ದೂರ ಹೊರಲಿಕ್ಕೆ ಆಗುವುದಿಲ್ಲ" ಎಂದಳು. ಅತ್ತಿಗೆಯ ಮಾತಿನ ಭಾರ ಅದಕ್ಕಿಂತ ಹೆಚ್ಚು ಎಂಬುದನ್ನು ಅವಳು ಹೇಳಲಿಲ್ಲ. ಅಣ್ಣನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಹೋದ.

ಲುದ್ವಿನ್ ಬಾಯಿಯ ಮನೆಯಲ್ಲಿ ಗಡಿಯಾರವಿರಲಿಲ್ಲ. ಮರಿಯಮ್ಮನಿಗೆ ಹೇಳುವ ನಮಾನ್ ಪ್ರಾರ್ಥನೆಯೇ ಅವಳ ಗಡಿಯಾರ. ಅಂಗಿಯ ಕಾಲರಿಗೆ ಒಂದು ನಮಾನ್, ತೋಳಿಗೆ ಒಂದೊಂದು, ಬೆನ್ನಿಗೆ ಎರಡು. ಅದಕ್ಕಿಂತ ಕಡಿಮೆಯಾದರೆ ಸುಕ್ಕು ಉಳಿಯುತ್ತದೆ, ಹೆಚ್ಚಾದರೆ ಬಟ್ಟೆ ಹಳದಿಯಾಗುತ್ತದೆ. ಮೀನು ಮಾರುವವನ ಮುಂಡಿಗೂ ವಕೀಲರ ಕೋಟಿಗೂ ಅವಳ ಲೆಕ್ಕ ಒಂದೇ. ಇದು ವಕೀಲರಿಗೆ ಸ್ವಲ್ಪ ಬೇಸರದ ಸಂಗತಿಯಾಗಿತ್ತು. ಅವರ ಗುಮಾಸ್ತ ನೋಣಯ್ಯ ಕೋಟು ಒಯ್ಯಲು ಬಂದು ಬಾಗಿಲಲ್ಲಿ ಕಾಲು ಬದಲಿಸುತ್ತ ನಿಲ್ಲುತ್ತಿದ್ದ.

"ಬಾಯಮ್ಮ, ಸ್ವಲ್ಪ ಬೇಗ ಬೇಗ ಪ್ರಾರ್ಥನೆ ಮಾಡಿ. ಹತ್ತೂವರೆಗೆ ಕೇಸು ಕರೀತಾರೆ."

ಅವಳು ಮಾತನಾಡುವಂತಿಲ್ಲ, ತುಟಿ ನಮಾನಿನಲ್ಲಿತ್ತು. ಮುಗಿಸಿ ಪೆಟ್ಟಿಗೆ ಬದಿಗಿಟ್ಟ ಮೇಲೆ ಹೇಳಿದಳು: "ವಕೀಲರು ಕೋರ್ಟಿನಲ್ಲಿ ಅರ್ಧ ಮಾತಾಡಿ ಬರ್ತಾರಾ?"

"ಅವರು ನಿಲ್ಲಿಸಿದರೆ ಅಲ್ವಾ ಅರ್ಧವಾಗುವುದು!"

"ಹಾಗಾದರೆ ಅವರ ಕೋಟೂ ಪೂರ್ತಿ ಆಗಲಿ. ಕೂತುಕೊಳ್ಳಿ."

ವಾರದ ಐದು ದಿನ ಹೀಗೆ. ಶನಿವಾರ ಮಾತ್ರ ಊರಿನ ಬಟ್ಟೆ ಮುಟ್ಟುತ್ತಿರಲಿಲ್ಲ. ಅದು ಇಗರ್ಜಿಯ, ಎಂದರೆ ಚರ್ಚಿನ, ಬಟ್ಟೆಯ ದಿನ.

ಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆ ಇಡುವುದಕ್ಕೆ ಒಂದು ಚೌಕ ಬಿಳಿ ಬಟ್ಟೆ ಹಾಸುತ್ತಾರೆ. ಕೊರ್ಪೊರಾಲ್ ಎಂದು ಅದರ ಹೆಸರು. ಅಡ್ಡಕ್ಕೆ ಮೂರು ಪಾಲು, ಉದ್ದಕ್ಕೆ ಮೂರು ಪಾಲು ಮಡಿಕೆ. ಬಿಡಿಸಿದರೆ ಒಂಬತ್ತು ಚೌಕ. ಪವಿತ್ರ ರೊಟ್ಟಿಯ ಒಂದು ಕಣ ಉದುರಿದರೂ ನೆಲಕ್ಕೆ ಬೀಳದೆ ಒಳಗೇ ಉಳಿಯಲಿ ಎಂದು ಎಲ್ಲ ಮಡಿಕೆಯೂ ಒಳಮುಖ. ಬಳಸಿದ ಬಟ್ಟೆಯನ್ನು ಮೊದಲು ಪಾದ್ರಿಗಳೇ ತಮ್ಮ ಕೈಯಿಂದ ಮೂರು ಸಲ ನೀರಿನಲ್ಲಿ ಜಾಲಿಸಬೇಕು, ಆ ನೀರನ್ನು ಕಾಲು ತುಳಿಯದ ಮಣ್ಣಿಗೆ ಸುರಿಯಬೇಕು. ಆಮೇಲಷ್ಟೇ ಅದು ಲುದ್ವಿನ್ ಬಾಯಿಯ ಕೈಗೆ. ಅವಳು ಕೆಲಸ ಮುಗಿಯುವವರೆಗೆ ಗಂಜಿ ಕುಡಿಯುವುದಿಲ್ಲ. ಯಾರೂ ಹೇಳಿದ್ದಲ್ಲ, ಅವಳೇ ಹಾಕಿಕೊಂಡ ಕಟ್ಟು. ಬಟ್ಟೆಗೆ ಹಾಕುವ ಕೂವೆ ಹುಡಿಯ ತಿಳಿಗಂಜಿ ಅರ್ಧ ಚಮಚದ್ದು ಮಾತ್ರ, ಮಡಿಕೆ ನಿಲ್ಲುವಷ್ಟು. ಒಂಬತ್ತು ಚೌಕಕ್ಕೆ ಒಂಬತ್ತು ನಮಾನ್.

ಪೂಜೆಯ ಪೀಠಕ್ಕೆ, ಅಲ್ತಾರಿಗೆ, ಹಾಸುವ ದೊಡ್ಡ ಬಟ್ಟೆ ಬೇರೆ. ಅದಕ್ಕೆ ಎದುರಿಗೆ ಒಂದು ಗೇಣು ಕಸೂತಿ, ಬಾಗಿಲಲ್ಲಿ ನಿಂತವನಿಗೂ ಕಾಣುತ್ತದೆ. ಅದನ್ನು ಕೊಟ್ಟದ್ದು ದೊಡ್ಡ ಮನೆಯವರು. ಕಾಣುವ ಬಟ್ಟೆ ಕೊಡುವುದಕ್ಕೆ ಪೈಪೋಟಿ ಇತ್ತು. ಕಾಣದ ಬಟ್ಟೆಗೆ ಲುದ್ವಿನ್ ಬಾಯಿ ಒಬ್ಬಳೇ ಇದ್ದಳು.

ಅವಳಿಗೆ ಒಂದೇ ಆಸೆ: ತನ್ನ ಬಟ್ಟೆ ಪೂಜೆಯ ಹೊತ್ತಿನಲ್ಲಿ, ಪಾತ್ರೆಯನ್ನು ಹೊತ್ತು ಮಲಗಿರುವುದನ್ನು ಒಮ್ಮೆ ನೋಡಬೇಕು. ಈ ಆಸೆ ಇಸ್ತ್ರಿ ಪೆಟ್ಟಿಗೆಗಿಂತ ಹಳೆಯದು. ಮೂಡುಬಿದಿರೆಯಲ್ಲಿ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ, ಪೂಜೆಯ ನಡುವೆ ತಾಯಿಯ ಸೆರಗು ಎಳೆದು, "ಪಾದ್ರಿಗಳು ಅಲ್ಲಿ ಎಂತ ಬಿಡಿಸ್ತಾರೆ?" ಎಂದು ಕೇಳಿದ್ದಳು. ತಾಯಿ ತೊಡೆ ಚಿವುಟಿದ್ದಳು. ಉತ್ತರ ಅಲ್ಲಿಗೆ ಮುಗಿದಿತ್ತು. ಆ ಕಾಲದ ಪೂಜೆಯಲ್ಲಿ ಪಾದ್ರಿಗಳು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಜನಕ್ಕೆ ಕಾಣುತ್ತಿದ್ದುದು ಅವರ ಬೆನ್ನು. ಅಷ್ಟು ವರ್ಷಗಳಲ್ಲಿ ಲುದ್ವಿನ್ ಬಾಯಿಗೆ ಪಾದ್ರಿಗಳ ಬೆನ್ನಿನ ನೆರಿಗೆಗಳೆಲ್ಲ ಬಾಯಿಪಾಠವಾಗಿದ್ದವು.

ಹಳೆಯ ಪಾದ್ರಿಗಳಿಗೆ ಒಮ್ಮೆ ಅವಳು ಇದನ್ನು ಹೇಳಿಯೂ ಬಿಟ್ಟಿದ್ದಳು. ಅವರು ನಶ್ಯದ ಡಬ್ಬಿ ಮುಚ್ಚಿ, "ದೇವರು ನೋಡ್ತಾನೆ ಬಾಯಿ, ಅಷ್ಟು ಸಾಲದಾ?" ಎಂದರು.

"ಅವನು ನೋಡ್ತಾನೆ ಪದ್ರಾಬಾ. ಅವನಿಗೆ ಸಿಕ್ಕಿದ ಜಾಗ ಒಳ್ಳೆಯದು."

ಪಾದ್ರಿಗಳು ನಕ್ಕರು. ಬೆನ್ನು ಮಾತ್ರ ತಿರುಗಲಿಲ್ಲ.

ಒಂದು ಮಳೆಗಾಲ ಹೊಳೆ ಪೇಟೆಗೇ ಬಂತು. ಜನ ಅಕ್ಕಿಮುಡಿ, ಕೋಳಿ, ಕಾಗದಪತ್ರ ಹೊತ್ತು ಗುಡ್ಡ ಹತ್ತಿದರು. ಲುದ್ವಿನ್ ಬಾಯಿ ಸೊಂಟದ ನೀರಿನಲ್ಲಿ ಬಂದದ್ದು ತಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು. ಪೆಟ್ಟಿಗೆಯ ಒಳಗೆ, ಕೆಂಡದ ಜಾಗದಲ್ಲಿ, ಬಾಳೆಲೆಯಲ್ಲಿ ಸುತ್ತಿದ ಕೊರ್ಪೊರಾಲ್. ಅಕ್ಕಿ ಮನೆಯಲ್ಲೇ ಉಳಿದಿತ್ತು. ಮೂರು ದಿನ ನೆರೆಮನೆಯ ಅವ್ವಮ್ಮ ಕೊಟ್ಟ ಗಂಜಿ ಉಂಡಳು. ಆ ಭಾನುವಾರವೂ ಬಟ್ಟೆ ಹೊತ್ತಿಗೆ ಸರಿಯಾಗಿ ಅಲ್ತಾರಿಗೆ ಹೋಯಿತು. ಎಷ್ಟು ಬಿಳಿ ಇತ್ತೆಂದು ಯಾರೂ ನೋಡಲಿಲ್ಲ.

ಕೂವೆ ಹುಡಿಗೆ ಅವಳು ಹೋಗುತ್ತಿದ್ದುದು ಇಬ್ರಾಹಿಂ ಖಲೀಲ್ ಬ್ಯಾರಿಯ ಅಂಗಡಿಗೆ. ಬೆಳ್ತಂಗಡಿ ಬಸ್ಸಿನಲ್ಲಿ ಮುಂಡಾಜೆಯ ಕೂವೆ ಅವನಿಗೇ ಬರುತ್ತಿತ್ತು. ಅವಳು ಚಿಟಿಕೆ ಹುಡಿ ತೆಗೆದು ಕಿವಿಯ ಹತ್ತಿರ ಉಜ್ಜಿ, ಅದು ಕಿರುಗುಟ್ಟಿದರೆ ಮಾತ್ರ ಕೊಳ್ಳುತ್ತಿದ್ದಳು.

"ಹುಡಿಯ ಹತ್ತಿರ ಸಾಕ್ಷಿ ಕೇಳ್ತೀರಾ ಬಾಯಮ್ಮ?" ಎಂದು ಖಲೀಲ್ ಕೆಣಕುತ್ತಿದ್ದ.

"ನಿಮ್ಮ ಮಾತಿಗಿಂತ ಅದರ ಮಾತು ಹೆಚ್ಚು ಸತ್ಯ ಬ್ಯಾರಿಗಳೆ."

"ಅಲ್ಲ, ನನಗೊಂದು ಅರ್ಥವಾಗುವುದಿಲ್ಲ. ನಾನು ಹತ್ತು ಬಾಳೆಗೊನೆ ತಂದರೆ ಒಳ್ಳೆಯದನ್ನು ಎದುರಿಗೆ ನೇತುಹಾಕ್ತೇನೆ. ನೀವು ಇಷ್ಟು ಕಷ್ಟಪಟ್ಟು ಮಾಡಿದ ಮಾಲನ್ನು ಯಾರಿಗೂ ತೋರಿಸುವುದೇ ಇಲ್ಲ. ಇದು ಎಂಥಾ ವ್ಯಾಪಾರ ಮಾರಾಯ್ರೆ?"

"ವ್ಯಾಪಾರ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಅವಳು ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಆದರೆ ಮಾತು ಮನೆಯವರೆಗೂ ಜೊತೆಗೆ ಬಂತು.

ಅರವತ್ತರ ದಶಕ ಬಂದಾಗ ಪೇಟೆಗೆ ಟೆರಿಲೀನ್ ಬಂತು. ಒಗೆದು ಕೊಡವಿದರೆ ಸಾಕು, ಇಸ್ತ್ರಿ ಬೇಡ. ವಕೀಲರ ಮಗ ಆ ಅಂಗಿ ತೊಟ್ಟು ಬೆವರುತ್ತ ಪೇಟೆ ಸುತ್ತಿದ. ಲುದ್ವಿನ್ ಬಾಯಿಯ ಮೇಜಿನ ಮೇಲೆ ಬಟ್ಟೆಯ ರಾಶಿ ಕುಗ್ಗಿತು. ಅವಳು ಪಕ್ಕದಲ್ಲಿ ಎರಡು ಆಡು ಕಟ್ಟಿದಳು. ಶನಿವಾರ ಮಾತ್ರ ಬದಲಾಗಲಿಲ್ಲ.

ಅರವತ್ತೈದರಲ್ಲಿ ಹೊಸ ಪಾದ್ರಿಗಳು ಬಂದರು. ವಯಸ್ಸು ಚಿಕ್ಕದು, ನಡಿಗೆ ಬಿರುಸು. ಒಂದು ಭಾನುವಾರ ಪ್ರಸಂಗದ ಕೊನೆಗೆ ಅವರು, ರೋಮಿನಿಂದ ಹೊಸ ಕ್ರಮ ಬಂದಿದೆ, ಮುಂದಿನ ಭಾನುವಾರದಿಂದ ಅಲ್ತಾರು ಗೋಡೆ ಬಿಟ್ಟು ಮುಂದೆ ಬರುತ್ತದೆ, ತಾವು ಜನರ ಕಡೆಗೆ ಮುಖ ಮಾಡಿ ಪೂಜೆ ಅರ್ಪಿಸುತ್ತೇವೆ ಎಂದರು. ಹಿರಿಯರು ಗೊಣಗಿದರು. ಲುದ್ವಿನ್ ಬಾಯಿ ಮಾತ್ರ ತಗ್ಗಿಸಿದ್ದ ತಲೆ ಎತ್ತಿದಳು. ಬೆನ್ನು ತಿರುಗಲಿತ್ತು.

ಸೋಮವಾರವೇ ಅವಳು ಖಲೀಲನ ಅಂಗಡಿಯಲ್ಲಿದ್ದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಕೂತಿತ್ತು.

"ಹೋ, ಬಾಯಮ್ಮ! ಅಂತೂ ನಿಮ್ಮ ಮಾಲಿಗೆ ಷೋಕೇಸು ಬಂತು. ಈ ಸಲ ಚಂದ ಮಾಡಿ ಕೊಡಿ, ಹಿಂದಿನ ಸಾಲಿಗೂ ಕಾಣಬೇಕು!"

ಬೇರೆ ದಿನವಾದರೆ ಅವಳು ತಿರುಗಿಸಿ ಒಂದು ಕೊಡುತ್ತಿದ್ದಳು. ಅಂದು ಸುಮ್ಮನೆ ನಕ್ಕಳು. ಪೊಟ್ಟಣ ಎರಡು ಪಾಲು ದೊಡ್ಡದು ಕಟ್ಟಿಸಿಕೊಂಡಳು. ಹುಡಿ ಉಜ್ಜಿ ನೋಡುವುದನ್ನೇ ಮರೆತಳು.

ಶನಿವಾರ ಗಂಜಿ ಕುಡಿಯಲಿಲ್ಲ, ಮಾತಾಡಲಿಲ್ಲ, ಒಂಬತ್ತು ನಮಾನೂ ಹೇಳಿದಳು. ಎಲ್ಲವೂ ಎಂದಿನಂತೆ, ಕೂವೆಯೊಂದು ಬಿಟ್ಟು. ಅರ್ಧ ಚಮಚ ಹಾಕಿದಳು, ಕೈ ತಡೆಯಿತು. ಇನ್ನರ್ಧ ಹಾಕಿದಳು. ಆಮೇಲೆ ಪೂರ್ತಿ ಒಂದು. ಮಡಿಕೆಗಳು ಕತ್ತಿಯ ಬಾಯಿಯ ಹಾಗೆ ಬಂದವು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಪಿಂಗಾಣಿಯಂತೆ ಮಿಂಚಿತು. ಇಷ್ಟು ಚಂದದ ಇಸ್ತ್ರಿ ತಾನು ಎಂದೂ ಮಾಡಿಲ್ಲ ಎಂದುಕೊಂಡಳು. ಪೇಟೆಯ ಯಾವ ವ್ಯಾಪಾರಿಯಾದರೂ ಅವಳ ಮಾತು ಒಪ್ಪುತ್ತಿದ್ದ.

ಭಾನುವಾರ ಪೂಜೆಯ ಮೂರನೆಯ ಗಂಟೆ ಹೊಡೆಯುವ ಮೊದಲೇ ಅವಳು ಹೆಂಗಸರ ಕಡೆಯ ಮುಂದಿನ ಸಾಲಿನಲ್ಲಿ, ನೆಲದ ಮೇಲೆ ಮೊಣಕಾಲೂರಿದ್ದಳು. ಮೂರು ಮೆಟ್ಟಿಲಿನ ಮೇಲೆ ಹೊಸ ಅಲ್ತಾರು. ಪಾದ್ರಿಗಳ ಮುಖ ಕಂಡಿತು, ಕೈ ಕಂಡಿತು. ಆ ಕೈ ಬಟ್ಟೆಯನ್ನು ತೆಗೆದು ಒಂದು ಮಡಿಕೆ ಬಿಡಿಸಿತು, ಇನ್ನೊಂದು, ಮತ್ತೊಂದು.

ಆಗ ಅವಳಿಗೆ ತನ್ನ ಬಟ್ಟೆ ಕಂಡಿತು. ಕಾಣದೆ ಹೇಗಿರುತ್ತದೆ? ಅದು ಮಲಗಲೇ ಇಲ್ಲ. ನಾಲ್ಕು ಅಂಚೂ ಎದ್ದು, ಅಲ್ತಾರಿನ ಮೇಲೆ ಚಿಕ್ಕ ಚಪ್ಪರ ಹಾಕಿದ ಹಾಗೆ ನಿಂತಿತು. ಪಾದ್ರಿಗಳು ಅಂಗೈಯಿಂದ ಒತ್ತಿದರು. ಕೈ ತೆಗೆದೊಡನೆ ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿದರು. ಪಾತ್ರೆ ಇಟ್ಟಾಗ ಅದು ಮಡಿಕೆಯ ಏಣಿನ ಮೇಲೆ ಕೂತು ಒಂದು ಕಡೆಗೆ ವಾಲಿತು. ಪಾದ್ರಿಗಳು ಎರಡು ಬೆರಳಿನಿಂದ ಪಾತ್ರೆಯ ಬುಡ ಹಿಡಿದು, ಪೂಜೆ ಮುಗಿಯುವವರೆಗೂ ಅತ್ತ ಒಂದು ಕಣ್ಣು ಇಟ್ಟೇ ಪ್ರಾರ್ಥನೆ ಹೇಳಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ಆದರೆ ಎಲ್ಲರ ಕಣ್ಣೂ ಬಟ್ಟೆಯ ಮೇಲಿತ್ತು. ಹಿಂದಿನ ಸಾಲಿನವರದೂ.

ಪೂಜೆಯಾದ ಮೇಲೆ ಅವಳು ಪಾದ್ರಿಗಳು ಉಡುಪು ಕಳಚುವ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತಳು. ಅವರು ಹೊರಗೆ ಬಂದು, "ಎಂತ ಬಾಯಿ, ಈ ವಾರ ಮುಂಡಾಜೆಯಲ್ಲಿ ಕೂವೆ ತುಂಬ ಬೆಳೀತಾ?" ಎಂದರು.

"ನನ್ನ ತಪ್ಪು ಪದ್ರಾಬಾ. ಕಾಣಲಿ ಅಂತ ಮಾಡಿದೆ." ಉಳಿದದ್ದನ್ನೂ ಹೇಳಿದಳು: "ಒಂಬತ್ತು ವರ್ಷದಿಂದ ನನಗೆ ಅದನ್ನೊಮ್ಮೆ ನೋಡಬೇಕು ಅಂತ ಉಂಟು."

"ಒಂಬತ್ತು ವರ್ಷದಿಂದಲಾ?"

"ಅಲ್ಲ, ನನಗೆ ಒಂಬತ್ತು ವರ್ಷ ಆದಾಗಿಂದ."

ಪಾದ್ರಿಗಳ ನಗೆ ಇಳಿಯಿತು. ಅವಳ ತಲೆ ಅಷ್ಟರಲ್ಲಾಗಲೇ ಅರ್ಧ ನರೆತಿತ್ತು. "ಅಷ್ಟೇ ಅಲ್ವಾ? ಬನ್ನಿ. ಈಗ ಇಗರ್ಜಿ ಖಾಲಿ ಉಂಟು. ಅಲ್ತಾರಿನ ಮೇಲೆ ಹಾಸಿ ತೋರಿಸ್ತೇನೆ. ಮೆಟ್ಟಿಲು ಹತ್ತಿ ನೋಡಿ, ಹೆಂಗಸರು ಹತ್ತುವ ಕ್ರಮ ಇಲ್ಲದಿದ್ದರೂ ನಾನು ಒಪ್ಪಿಗೆ ಕೊಡ್ತೇನೆ."

ಅವಳು ಬಾಗಿಲಿನವರೆಗೆ ಹೋದಳು. ಒಳಗೆ ಮೇಣದ ಬತ್ತಿಗಳು ಆರಿದ್ದವು. ಅಲ್ಲೇ ನಿಂತಳು.

"ಬೇಡ ಪದ್ರಾಬಾ. ಸುಮ್ಮನೆ ಮಲಗಿದ ಬಟ್ಟೆ ನನ್ನ ಮೇಜಿನ ಮೇಲೆಯೂ ಕಾಣ್ತದೆ. ಅದು ಕೆಲಸ ಮಾಡುವಾಗ ನೋಡಬೇಕು."

ಪಾದ್ರಿಗಳು ಬಾಗಿಲು ಎಳೆದುಕೊಂಡರು.

"ನನಗೆ ಪ್ರಾಯಶ್ಚಿತ್ತ ಎಂತದು?" ಎಂದಳು.

"ಅರ್ಧ ಚಮಚ," ಎಂದರು ಪಾದ್ರಿಗಳು.

ಮರುದಿನ ಖಲೀಲ್ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ: "ಹೇಗಾಯ್ತು ಬಾಯಮ್ಮ, ಕಂಡಿತಾ?"

"ಕಂಡಿತು ಬ್ಯಾರಿಗಳೆ. ನಿಮ್ಮ ಬಾಳೆಗೊನೆಗಿಂತ ಚಂದ ನೇತಾಡಿತು."

ಮುಂದಿನ ಶನಿವಾರ ಅಳತೆ ಅರ್ಧ ಚಮಚಕ್ಕೆ ಬಂತು. ಭಾನುವಾರ ಅವಳು ಮತ್ತೆ ಅದೇ ಮುಂದಿನ ಸಾಲಿನಲ್ಲಿ ಮೊಣಕಾಲೂರಿದಳು. ಪಾದ್ರಿಗಳ ಕೈ ಮಡಿಕೆ ಬಿಡಿಸಿತು. ಕೊನೆಯದನ್ನು ಬಿಡಿಸಿದ ಮೇಲೆ ಬಟ್ಟೆಯ ಕಡೆಗೆ ತಿರುಗಿ ಹೋಗಲೇ ಇಲ್ಲ. ಅಲ್ಲೊಂದು ಬಟ್ಟೆ ಇದೆ ಎಂಬುದೇ ಆ ಕೈಗೆ ಮರೆತ ಹಾಗಿತ್ತು. ಪಾತ್ರೆ ಇಟ್ಟಲ್ಲಿ ನಿಂತಿತು, ಮಿಸುಕಲಿಲ್ಲ. ಅವಳು ಕತ್ತು ಎತ್ತಿದಳು. ಪಾದ್ರಿಗಳ ಎದೆ ಕಂಡಿತು, ಪಾತ್ರೆ ಕಂಡಿತು, ದೊಡ್ಡ ಮನೆಯವರ ಕಸೂತಿ ಕಂಡಿತು. ತನ್ನ ಬಟ್ಟೆ ಮಾತ್ರ ಒಂದು ನೂಲೂ ಕಾಣಲಿಲ್ಲ. ಮೂರು ಮೆಟ್ಟಿಲಿನ ಮೇಲಿನ ಕಲ್ಲಿಗೆ ಅಂಟಿ ಮಲಗಿದ ಬಟ್ಟೆ ನೆಲದಲ್ಲಿ ಮೊಣಕಾಲೂರಿದವಳಿಗೆ ಕಾಣುವುದು ಹೇಗೆ? ಅದು ಕಾಣಬೇಕಾದರೆ ಕೆಟ್ಟಿರಬೇಕು. ಇದು ಅವಳಿಗೆ ಅಲ್ಲೇ, ನಮಾನಿನ ನಡುವೆ, ತಿಳಿಯಿತು. ಅರ್ಧ ನಮಾನ್ ತಪ್ಪಿಹೋಯಿತು. ಮತ್ತೆ ಮೊದಲಿನಿಂದ ಹೇಳಿದಳು.

ಆಮೇಲೆ ಅವಳು ಮುಂದಿನ ಸಾಲು ಬಿಟ್ಟು, ಮೊದಲಿದ್ದ ಬದಿಬಾಗಿಲಿನ ಹತ್ತಿರದ ಜಾಗಕ್ಕೇ ಹೋದಳು. ಶನಿವಾರದ ಒಂಬತ್ತು ನಮಾನ್, ಹಸಿದ ಹೊಟ್ಟೆ, ಕಿರುಗುಟ್ಟುವ ಕೂವೆ ಯಾವುದೂ ತಪ್ಪಲಿಲ್ಲ. ಭಾನುವಾರ ಪೂಜೆಯ ಉದ್ದಕ್ಕೂ ತಲೆ ತಗ್ಗಿಸಿ, ಹಿಮ್ಮಡಿಯ ಮೇಲೆ ಮೈಯಿಟ್ಟು ಕೂತಿರುತ್ತಿದ್ದಳು. ಬಟ್ಟೆ ಬಿಡಿಸುವ ಹೊತ್ತಿಗೆ ಮಾತ್ರ ಅವಳ ಮೈ ಹಿಮ್ಮಡಿ ಬಿಟ್ಟು ನಾಲ್ಕು ಬೆರಳು ಮೇಲೇಳುತ್ತಿತ್ತು. ಪಾತ್ರೆ ನೆಟ್ಟಗೆ ನಿಂತದ್ದು ಕಂಡ ಮೇಲೆ ಇಳಿಯುತ್ತಿತ್ತು.