ವೆಂಕಟಾಚಲನ ಹಿತ್ತಲಿನ ನಾತ

ಶುಚಿಯ ವಿಷಯದಲ್ಲಿ ವೆಂಕಟಾಚಲನಿಗೆ ಇದ್ದದ್ದು ಒಂದೇ ದೇವರು, ಫಿನಾಯಿಲ್. ಬೆಂಗಳೂರಿನ ಹನುಮಂತನಗರದ ವಠಾರದಲ್ಲಿ ಆರು ಮನೆಗೆ ಒಂದೇ ಕಕ್ಕಸಿದ್ದ ಕಾಲ ಅವನ ಬಾಲ್ಯ. ಅವನ ತಾಯಿ ದಿನಾ ಬೆಳಿಗ್ಗೆ ಒಂದು ಬಕೆಟ್ ನೀರಿಗೆ ಅರ್ಧ ಲೋಟ ಫಿನಾಯಿಲ್ ಬೆರೆಸಿ ಸುರಿದು, ಆಮೇಲೆಯೇ ಮಕ್ಕಳನ್ನು ಒಳಗೆ ಬಿಡುತ್ತಿದ್ದಳು. ಸ್ಯಾನ್ ಡಿಯಾಗೋಗೆ ಬಂದು ಟೆಲಿಕಾಂ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮೇಲೂ ಆ ಬಿಳಿ ನೀರಿನ ವಾಸನೆ ಇಲ್ಲದ ಬಚ್ಚಲು ಅವನ ಪಾಲಿಗೆ ಬಚ್ಚಲೇ ಅಲ್ಲ. ಕೊರೋನಾ ಬಂದಾಗ ಊರವರೆಲ್ಲ ಟಾಯ್ಲೆಟ್ ಪೇಪರಿಗೆ ಹೊಡೆದಾಡುತ್ತಿದ್ದರೆ ಇವನು ಇಂಡಿಯನ್ ಅಂಗಡಿಯಲ್ಲಿದ್ದ ಫಿನಾಯಿಲ್ ಬಾಟಲಿಗಳನ್ನೆಲ್ಲ ತಂದು ಗ್ಯಾರೇಜಿನಲ್ಲಿ ಪೇರಿಸಿದ.

"ಇನ್ನೊಂದು ಮಹಾಮಾರಿ ಬಂದ್ರೂ ಸಾಕಾಗುತ್ತೆ ಬಿಡಿ," ಎಂದು ಹೆಂಡತಿ ಕಲಾವತಿ ನಕ್ಕಿದ್ದಳು.

ಅದೇ ವರ್ಷದ ಕೊನೆಗೆ ಅವರು ರಾಂಚೊ ಬರ್ನಾರ್ಡೊದ ಮನೆ ಮಾರಿ, ಎಸ್ಕಾಂಡಿಡೋ ದಾಟಿ ಬೆಟ್ಟದ ಮಗ್ಗುಲಲ್ಲಿ ಒಂದು ಎಕರೆಯ ಹಳೆಯ ಮನೆ ಕೊಂಡರು. ಆಸೆ ಕಲಾವತಿಯದು. ಪುಟ್ಟ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡು, ಗಿಡಗಳನ್ನು ಕುಂಡದಲ್ಲೇ ಬೆಳೆಸಿಕೊಂಡು ಬಂದಿದ್ದ ಹೆಂಗಸು ಅವಳು. ನೆಲ ಸಿಕ್ಕ ಮೇಲೆ ಕೇಳಬೇಕೆ? ಮಲ್ಲಿಗೆ, ಕನಕಾಂಬರ, ಸುಗಂಧರಾಜ ಎಲ್ಲವನ್ನೂ ಎರಡೇ ವರ್ಷದಲ್ಲಿ ಹಿತ್ತಲಿಗೆ ತಂದಳು. ಸಂಜೆ ಹಿಂಬಾಗಿಲ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಹೂ ಕಟ್ಟುವುದು ಅವಳಿಗೆ ಪೂಜೆಗಿಂತ ಹೆಚ್ಚು.

ಆ ಬೆಟ್ಟದ ಕಡೆಗೆ ಊರಿನ ಒಳಚರಂಡಿ ಬಂದಿಲ್ಲ. ಮನೆಯ ಬಚ್ಚಲು, ಕಕ್ಕಸು, ಅಡುಗೆಮನೆ, ಎಲ್ಲದರ ನೀರೂ ಹಿತ್ತಲಲ್ಲಿ ಹೂತಿರುವ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ಅದರ ಮುಚ್ಚಳ ಕಟ್ಟೆಯಿಂದ ಹತ್ತು ಹೆಜ್ಜೆ ದೂರ, ಮಲ್ಲಿಗೆ ಬಳ್ಳಿಯ ಪಕ್ಕದಲ್ಲಿ. ಮನೆ ಕೊಂಡ ದಿನ ನೋಡಿದ್ದು ಬಿಟ್ಟರೆ ಅದನ್ನು ಇಬ್ಬರೂ ಮರೆತಿದ್ದರು. ನಾತ ಬರುವವರೆಗೆ ಅದನ್ನು ಯಾರು ನೆನೆಯುತ್ತಾರೆ!

೨೦೨೨ರ ಸೆಪ್ಟೆಂಬರಿನಲ್ಲಿ ಕಲಾವತಿಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂರು ವಾರಕ್ಕೊಮ್ಮೆ ಕೀಮೋ. ಮೊದಲ ಸಲ ಮನೆಗೆ ಕಳಿಸುವಾಗ ನರ್ಸು, ಇವರಿಗೆ ಸೋಂಕು ತಗುಲದಂತೆ ನೋಡಿಕೊಳ್ಳಿ, ಬಚ್ಚಲು ಶುಚಿಯಾಗಿರಲಿ ಎಂದಳು. ವೆಂಕಟಾಚಲನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಮಾರನೆಯ ಬೆಳಿಗ್ಗೆಯೇ ತಾಯಿಯಂತೆ ಬಕೆಟ್ ಹಿಡಿದ. ಬೆಳಿಗ್ಗೆ ಫಿನಾಯಿಲ್, ಸಂಜೆ ಬ್ಲೀಚು, ಅವಳು ಒಮ್ಮೆ ಬಚ್ಚಲಿಗೆ ಹೋಗಿ ಬಂದರೆ ಮತ್ತೆ ಅರ್ಧ ಲೋಟ. ಕಾಯಿಲೆಯನ್ನಂತೂ ತನ್ನ ಕೈಯಿಂದ ಹೊಡೆಯಲಾಗದು, ನೆಲವನ್ನಾದರೂ ಉಜ್ಜೋಣ ಎಂಬ ಗಂಡಸಿನ ಪಾಡು ಅದು.

ಎರಡನೆಯ ಕೀಮೋ ಆದಮೇಲೆ ಕಲಾವತಿಗೆ ಮನೆಯೊಳಗೆ ಊಟ ಸೇರದಾಯಿತು. ಒಗ್ಗರಣೆಯ ವಾಸನೆಗೆ ವಾಂತಿ, ಅನ್ನ ಬೆಂದ ವಾಸನೆಗೂ ವಾಂತಿ. ಹೊರಗೆ ಕಟ್ಟೆಯ ಮೇಲೆ ಕೂತರೆ ಮಾತ್ರ ಒಂದಿಷ್ಟು ಮಜ್ಜಿಗೆ ಅನ್ನ ಒಳಗೆ ಇಳಿಯುತ್ತಿತ್ತು. ಡಾಕ್ಟರು ತೂಕ ಇಳಿಯಬಾರದು ಎಂದಿದ್ದರು. ಹಾಗಾಗಿ ವೆಂಕಟಾಚಲನ ಇಡೀ ದಿನ ಆ ಬಟ್ಟಲಿಗಾಗಿ ಕಾಯುವುದರಲ್ಲಿ ಕಳೆಯುತ್ತಿತ್ತು. ಹಿತ್ತಲಲ್ಲಿ ಅವಳು ಎಷ್ಟು ತುತ್ತು ತಿಂದಳೋ ಅಷ್ಟು ಧೈರ್ಯ ಅವನಿಗೆ.

ಡಿಸೆಂಬರಿನ ಒಂದು ಸಂಜೆ ಅವಳು ಬಟ್ಟಲನ್ನು ಬದಿಗಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನೋ ಕೊಳೆತ ಹಾಗೆ ವಾಸನೆ ಬರ್ತಿದೆ ರೀ."

ಇವನಿಗೂ ಬಡಿಯಿತು, ಕೊಳೆತ ಮೊಟ್ಟೆಯ ಗಬ್ಬುನಾತ. ಅವಳು ಎದ್ದು ಒಳಗೆ ಹೋದಳು. ಅಂದು ಊಟವಿಲ್ಲ, ಮರುದಿನವೂ ಇಲ್ಲ.

ನಾತ ಬಂದರೆ ವೆಂಕಟಾಚಲನ ಬಳಿ ಇದ್ದ ಮದ್ದು ಗೊತ್ತೇ ಇದೆಯಲ್ಲ. ಅರ್ಧ ಲೋಟ ಒಂದು ಲೋಟವಾಯಿತು. ಒಂದು ದಿನ ಇಡೀ ಕ್ಯಾನ್ ಬ್ಲೀಚನ್ನು ಕಕ್ಕಸಿಗೆ ಸುರಿದು ಬಂದ. ನಾತ ಹೆಚ್ಚಿತು. ಜನವರಿಯಲ್ಲಿ ಎಂದೂ ಕಾಣದ ಮಳೆ ಬಂತು, ನೆಲ ನೆನೆದದ್ದಕ್ಕೇ ಹೀಗೆ ಎಂದುಕೊಂಡ. ಹಳೆಯ ಸಹೋದ್ಯೋಗಿ ರೇವಣಸಿದ್ದಪ್ಪ ಫೋನಿನಲ್ಲಿ ಕೇಳಿ ಬೈದ.

"ಅಲ್ಲೋ, ನಮ್ಮೂರಾಗ ಗುಂಡಿ ನಾತ ಹೊಡದ್ರ ಒಂದು ಬುಟ್ಟಿ ಸಗಣಿ ಹಾಕ್ತಿದ್ರು. ನೀ ನೋಡಿದ್ರ ಫಿನಾಯಿಲ್ ಸುರೀತಿಯಲ್ಲೋ!"

ಹಿತ್ತಲ ಗಿಡ ಮದ್ದಲ್ಲ. ವೆಂಕಟಾಚಲ ನಕ್ಕು ಫೋನಿಟ್ಟ.

ಮಗಳು ಮಂಜುಶ್ರೀ ಟೊರೆನ್ಸ್‌ನಿಂದ ಶನಿವಾರ ಶನಿವಾರ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಅವಳೇ ಒಂದು ದಿನ ತಾಯಿಯ ಮಣಿಕಟ್ಟು ಹಿಡಿದು ನೋಡಿ, ಅಪ್ಪನನ್ನು ಗ್ಯಾರೇಜಿಗೆ ಕರೆದಳು.

"ಅಪ್ಪ, ಶಿ ಈಸ್ ನಾಟ್ ಈಟಿಂಗ್. ಯು ಕಾಂಟ್ ಫಿಕ್ಸ್ ದಿಸ್ ಯುವರ್‌ಸೆಲ್ಫ್. ಯಾರನ್ನಾದ್ರೂ ಕರೀರಿ, ಪ್ಲೀಸ್."

ಹೀಗೆ ಬಂದವನು ಹೆಕ್ಟರ್. ಮೂವತ್ತು ವರ್ಷದಿಂದ ಆ ಬೆಟ್ಟಗಳ ಟ್ಯಾಂಕು ಖಾಲಿ ಮಾಡುತ್ತ ಬಂದ ದಪ್ಪ ಮೀಸೆಯ ಮನುಷ್ಯ. ಮುಚ್ಚಳ ತೆಗೆದು, ಉದ್ದನೆಯ ಕೋಲಿನಿಂದ ಕಲಕಿ ನೋಡಿದ. ಒಳ್ಳೆಯ ಟ್ಯಾಂಕಿನಲ್ಲಿ ಕೋಟಿಗಟ್ಟಲೆ ಜೀವಾಣು ಇರುತ್ತವೆ, ಅವು ತಿಂದು ಕರಗಿಸುವುದರಿಂದಲೇ ಹೊರಗೆ ನಾತ ಬರುವುದಿಲ್ಲ, ನಿಮ್ಮದು ಸತ್ತುಹೋಗಿದೆ ಎಂದ. ಗ್ಯಾರೇಜಿನ ಬಾಟಲಿಗಳ ಸಾಲು ಕಂಡು ಹಣೆ ಹಣೆ ಚಚ್ಚಿಕೊಂಡ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಹೆಂಡತಿಯನ್ನು ಕಾಪಾಡಲು ಸುರಿದದ್ದೇ ಅವಳ ಬಾಯಿಂದ ಅನ್ನ ಕಿತ್ತುಕೊಂಡಿತ್ತು. ವೆಂಕಟಾಚಲ ನಾಚಿಕೆಯಿಂದ ಕುಗ್ಗಿಹೋದ. ಅಂದೇ ಬಕೆಟ್ ಬಿಟ್ಟ. ಹೆಕ್ಟರ್ ಟ್ಯಾಂಕು ಖಾಲಿ ಮಾಡಿ, ಮುಚ್ಚಳಕ್ಕೆ ಹೊಸ ರಬ್ಬರು ಬಿಗಿದು, ಆರು ವಾರದಲ್ಲಿ ಜೀವ ತಾನಾಗಿ ಹುಟ್ಟುತ್ತದೆ, ತಾಳ್ಮೆಯಿರಲಿ ಎಂದು ಹೇಳಿ ಹೋದ. ಕಲಾವತಿ ವಿಷಯ ಕೇಳಿ ತಿಂಗಳುಗಳ ನಂತರ ಮನಸಾರೆ ನಕ್ಕಳು.

"ನಿಮ್ಮಮ್ಮ ಇದ್ದಿದ್ರೆ ಹೆಕ್ಟರ್‌ಗೇ ಫಿನಾಯಿಲ್ ಹಾಕ್ತಿದ್ರು."

ಆರು ವಾರ ಕಳೆಯಿತು. ನಾತ ಹೋಗಲಿಲ್ಲ.

ಈಗ ವೆಂಕಟಾಚಲ ಗಾಳಿಯನ್ನೇ ಹಿಡಿಯಲು ಹೊರಟ. ಟ್ಯಾಂಕಿನ ಗಾಳಿ ಹೊರಹೋಗುವ ಕೊಳವೆ ಮನೆಯ ಮಾಡಿನ ಮೇಲಿತ್ತು. ಏಣಿ ಹತ್ತಿ ಅದಕ್ಕೆ ನಾಲ್ಕಡಿ ಸೇರಿಸಿದ, ಬಾಯಿಗೆ ಇದ್ದಿಲಿನ ಫಿಲ್ಟರ್ ಕೂರಿಸಿದ. ಕುರ್ಚಿಯ ಹಿಂದೆ ದೊಡ್ಡ ಫ್ಯಾನ್ ಇಟ್ಟ. ಅವಳನ್ನು ಮುಂಬಾಗಿಲಲ್ಲಿ ಕೂರಿಸಿ ನೋಡಿದ. ಅಲ್ಲಿ ರಸ್ತೆ, ಕಾರು, ಪಕ್ಕದ ಮನೆಯ ನಾಯಿ. ಎರಡು ತುತ್ತಿಗೇ ಅವಳು ಸಾಕು ಎಂದಳು. ಅಷ್ಟು ಹೊತ್ತಿಗೆ ತೂಕ ನಲವತ್ತೊಂದು ಕಿಲೋಗೆ ಇಳಿದಿತ್ತು.

ಮತ್ತೆ ಹೆಕ್ಟರ್‌ನನ್ನು ಕರೆಸಿದ. ಹೆಕ್ಟರ್ ಮುಚ್ಚಳ ತೆರೆದು ನೋಡಿ, ತಲೆ ಕೆರೆದುಕೊಂಡು, ಅವನನ್ನು ಮನೆಯ ಗೋಡೆಯ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ.

"ಸರ್, ಕೇಳಬಾರದು, ಆದರೂ ಕೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಕೀಮೋ ಕೊಡುತ್ತಿದ್ದಾರಾ?"

ವೆಂಕಟಾಚಲ ಹೌದೆಂದು ತಲೆಯಾಡಿಸಿ, ನನ್ನ ಹೆಂಡತಿಗೆ, ಈ ಕಟ್ಟೆಯ ಮೇಲೆ ಕೂತರೆ ಮಾತ್ರ ಅವಳಿಗೆ ಊಟ ಸೇರುತ್ತದೆ ಎಂದ.

"ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ನಾನು ಮೂರು ನಾಲ್ಕು ಕಡೆ ನೋಡಿದ್ದೇನೆ. ಆ ಔಷಧಿ ಮೈಯಿಂದ ಹೊರಗೆ ಬಂದ ಮೇಲೂ ಕೊಲ್ಲುವ ಕೆಲಸ ಬಿಡುವುದಿಲ್ಲ. ಟ್ಯಾಂಕಿನಲ್ಲಿ ಹುಟ್ಟಿದ್ದೆಲ್ಲ ಸಾಯುತ್ತದೆ. ಔಷಧಿ ಮುಗಿಯುವವರೆಗೆ ಈ ವಾಸನೆ ಹೋಗುವುದು ಕಷ್ಟ."

ವೆಂಕಟಾಚಲನಿಗೆ ಮೊದಲು ಬಂದದ್ದು ಸಿಟ್ಟು, ಯಾರ ಮೇಲೆಂದು ತಿಳಿಯದ ಸಿಟ್ಟು. ಆಮೇಲೆ ಹೆದರಿಕೆ. ಕಲಾವತಿ ತನ್ನ ಎಂಜಲು ತಟ್ಟೆಯನ್ನು ಇನ್ನೊಬ್ಬರು ಮುಟ್ಟಲು ಬಿಟ್ಟವಳಲ್ಲ. ಆಸ್ಪತ್ರೆಯಲ್ಲಿ ವಾಂತಿಯ ಬೋಗುಣಿಯನ್ನು ತಾನೇ ತೊಳೆಯಲು ಎದ್ದು ಬಿದ್ದವಳು. ಈ ನಾತ ತನ್ನ ಮೈಯಿಂದ ಬಂದದ್ದು ಎಂದು ಗೊತ್ತಾದರೆ ಅವಳು ಆ ಕ್ಷಣವೇ ಕುಗ್ಗಿ ಸತ್ತುಹೋಗುತ್ತಾಳೆ ಎಂದುಕೊಂಡ. ಒಳಗೆ ಹೋಗಿ, ಪೈಪಿನಲ್ಲಿ ಎಲ್ಲೋ ಬಿರುಕಂತೆ, ಹುಡುಕಬೇಕಂತೆ ಎಂದು ಹೇಳಿದ. ಮದುವೆಯಾಗಿ ಮೂವತ್ನಾಲ್ಕು ವರ್ಷಕ್ಕೆ ಅವಳಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಸುಳ್ಳು ನಿಜವಾಗಿ ಕಾಣಲೆಂದು ನಾಲ್ಕು ದಿನ ಸಲಿಕೆ ಹಿಡಿದು ಹಿತ್ತಲು ಅಗೆದ, ಅರವತ್ಮೂರರ ಸೊಂಟ ನೋಯಿಸಿಕೊಂಡು. ಅವಳು ಕಿಟಕಿಯಿಂದ ನೋಡುತ್ತಿದ್ದಳು, ಸಾಕು ಬನ್ನಿ ಎನ್ನುತ್ತಿದ್ದಳು, ಮತ್ತೇನೂ ಕೇಳಲಿಲ್ಲ.

ಏಪ್ರಿಲಿನ ಸ್ಕ್ಯಾನಿನಲ್ಲಿ ಗೆಡ್ಡೆ ಕರಗಿರಲಿಲ್ಲ, ಲಿವರಿಗೂ ಹಬ್ಬಿತ್ತು. ಇನ್ನೊಂದು ಬಗೆಯ ಕೀಮೋ ಕೊಟ್ಟು ನೋಡಬಹುದು, ಹೆಚ್ಚು ಭರವಸೆ ಕೊಡಲಾರೆ ಎಂದರು ಡಾಕ್ಟರು. ವೆಂಕಟಾಚಲ ಕೊಡಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕಲಾವತಿ ಬೇಡ ಎಂದಳು. ಐ-೧೫ ಹೆದ್ದಾರಿಯಲ್ಲಿ ಮನೆಗೆ ಬರುವಾಗ ಅವಳೇ ಮಾತು ತೆಗೆದಳು.

"ಇನ್ನು ಹಿತ್ತಲಿನ ವಾಸನೆ ಹೋಗುತ್ತೆ ನೋಡಿ."

ಕಾರು ಪಕ್ಕಕ್ಕೆ ಹಾಕಬೇಕಾಯಿತು.

"ಅವತ್ತು ನೀವಿಬ್ರೂ ನಿಂತಿದ್ದು ನನ್ನ ಕಿಟಕಿ ಕೆಳಗೇ ರೀ. ಎಲ್ಲಾ ಕೇಳಿಸ್ತು. ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಟ್ಟೋಳಿಗೆ ಅಷ್ಟು ಅರ್ಥ ಆಗಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ ಕಲಾ?"

"ನೀವು ಅಷ್ಟು ಕಷ್ಟಪಟ್ಟು ನೆಲ ಅಗೀತಿದ್ರಿ. ನಂಗೆ ಗೊತ್ತು ಅಂದ್ರೆ ನಿಮಗೆ ಮಾಡಕ್ಕೆ ಏನು ಉಳೀತಿತ್ತು?"

ಅವನು ಸ್ಟೀರಿಂಗ್ ಮೇಲೆ ತಲೆಯಿಟ್ಟ. ವಾಸನೆಗಾಗಿ ಔಷಧಿ ಬಿಟ್ಟೆಯಾ ಎಂದು ಕೇಳಿದ.

"ವಾಸನೆಗಲ್ಲ. ಸಾಕಾಗಿದೆ ರೀ. ಹೊರಗೆ ಕೂತ್ಕೋಬೇಕು, ಅಷ್ಟೇ."

ವೆಂಕಟಾಚಲ ಆ ಮಾತನ್ನು ಪೂರ್ತಿ ನಂಬಲೂ ಇಲ್ಲ, ಮತ್ತೆ ಕೇಳಲೂ ಇಲ್ಲ.

ಮೇ ತಿಂಗಳಲ್ಲಿ ನಾತ ದಿನದಿನಕ್ಕೂ ತೆಳುವಾಯಿತು. ಆರು ತಿಂಗಳು ಯಾವುದನ್ನು ಓಡಿಸಲು ಹೆಣಗಿದ್ದನೋ ಅದು ಹೋಗುತ್ತಿರುವುದನ್ನು ಕಂಡು ವೆಂಕಟಾಚಲನಿಗೆ ಎದೆ ಒಡೆಯುತ್ತಿತ್ತು. ಬೆಳಿಗ್ಗೆ ಎದ್ದವನೇ ಹಿತ್ತಲಿಗೆ ಹೋಗಿ ಮೂಗರಳಿಸುವನು. ಸ್ವಲ್ಪ ನಾತ ಬಡಿದರೆ ಸಮಾಧಾನ, ಔಷಧಿ ಇನ್ನೂ ಅವಳ ಮೈಯಲ್ಲಿದೆ, ಇನ್ನೂ ಹೋರಾಡುತ್ತಿದೆ ಎಂದು. ಮೂರನೆಯ ವಾರಕ್ಕೆ ಏನೂ ಇರಲಿಲ್ಲ. ಬರೀ ಮಲ್ಲಿಗೆ, ಒದ್ದೆ ಮಣ್ಣು. ಕಲಾವತಿ ಹೊರಗೆ ಬಂದು ಕೂತಳು. ಆ ದಿನ ಅರ್ಧ ಬಟ್ಟಲು ಮಜ್ಜಿಗೆ ಅನ್ನ ತಿಂದಳು, ಬೆರಳಲ್ಲಿ ಶಕ್ತಿಯಿಲ್ಲದಿದ್ದರೂ ಒಂದು ಗೇಣು ಹೂ ಕಟ್ಟಿದಳು. ಹದಿನೇಳು ಸಂಜೆ ಹಾಗೆ ಕೂತಳು. ಮಂಜುಶ್ರೀ ರಜೆ ಹಾಕಿ ಬಂದು ತಾಯಿಯ ಕಾಲ ಬಳಿ ಕೂತಿರುತ್ತಿದ್ದಳು. ಹದಿನೆಂಟನೆಯ ಸಂಜೆ ಹಾಸಿಗೆಯಿಂದ ಏಳಲಾಗಲಿಲ್ಲ. ಜೂನ್ ಹದಿನಾಲ್ಕರ ಬೆಳಿಗ್ಗೆ ಹೋದಳು.

ಅಕ್ಟೋಬರಿನಲ್ಲಿ ಹೆಕ್ಟರ್ ತಾನಾಗಿಯೇ ಬಂದ. ಈ ದಾರಿಯಲ್ಲಿ ಬಂದಿದ್ದೆ, ನಿಮ್ಮ ಟ್ಯಾಂಕು ಹೇಗಿದೆ ನೋಡಿಹೋಗೋಣ ಅನ್ನಿಸಿತು ಎಂದ. ಮುಚ್ಚಳ ತೆಗೆದು ಕೋಲು ಇಳಿಸಿದ. ಅವನ ಮುಖ ಅರಳಿತು.

"ನೋಡಿ ಸರ್, ತುಂಬಾ ಆರೋಗ್ಯವಾಗಿದೆ! ಎಲ್ಲ ಮತ್ತೆ ಹುಟ್ಟಿಕೊಂಡಿದೆ. ಹಾಗಾದರೆ ಮೇಡಂ ಅವರ ಔಷಧಿ ಮುಗಿಯಿತು ಅಂತಾಯಿತು!"

ಆ ಮನುಷ್ಯ ಅಷ್ಟು ಸಂತೋಷದಿಂದ, ಕೈಯ ಗ್ಲೌಸು ಕಳಚಿ, ಕೈಕುಲುಕಲು ನಿಂತಿದ್ದ.

"ಹೌದು," ಎಂದ ವೆಂಕಟಾಚಲ. "ಮುಗಿಯಿತು."

"ದೇವರು ದೊಡ್ಡವನು. ಅವರಿಗೆ ಹೇಳಿ, ಇನ್ನು ಎಷ್ಟು ಹೊತ್ತು ಬೇಕಾದರೂ ಇಲ್ಲಿ ಕೂರಬಹುದು ಅಂತ."

"ಹೇಳ್ತೀನಿ," ಎಂದು ವೆಂಕಟಾಚಲ ಅವನ ಕೈ ಕುಲುಕಿದ.